ಐಪಿ ಫೋನ್‌ಗಳಿಗೆಲ್ಲ ಒಂದೇ ರಾತ್ರಿ ಅಪ್‌ಡೇಟ್ ಹಾಕಬೇಡಿ

ಆಫೀಸಿನ ಐಪಿ ಫೋನ್ (ಕಂಪ್ಯೂಟರ್ ನೆಟ್‌ವರ್ಕ್ ಮೂಲಕ ಕೆಲಸ ಮಾಡುವ ಫೋನ್) ನೋಡಿಕೊಳ್ಳುವವರು ದಯವಿಟ್ಟು ಓದಿ. ನನ್ನ ಅವಸರದಿಂದ ನಮ್ಮ ಲ್ಯಾಬಿನ 64 ಫೋನ್‌ಗಳೂ ಒಟ್ಟಿಗೆ ಕೆಟ್ಟು ಕೂತವು.

ನಮ್ಮದು ರಕ್ತಪರೀಕ್ಷೆ ಮಾಡುವ ಲ್ಯಾಬ್. ರಿಪೋರ್ಟ್ ಬಂತಾ ಅಂತ ಬೆಳಗ್ಗೆಯಿಂದಲೇ ಜನ ಫೋನ್ ಮಾಡುತ್ತಾರೆ. ಒಂದೊಂದೇ ಫೋನ್ ಹಿಡಿದು ಸೆಟ್ಟಿಂಗ್ ಮಾಡುತ್ತಾ ಕೂತರೆ ಮುಗಿಯಲ್ಲ, ಅದಕ್ಕೆ ಎಲ್ಲವನ್ನೂ ಒಂದು ಸರ್ವರಿನಲ್ಲಿ ಇಟ್ಟಿದ್ದೇವೆ. ಫೋನ್ ಆನ್ ಆದಾಗ ಡಿಎಚ್‌ಸಿಪಿಯ (ನೆಟ್‌ವರ್ಕಿಗೆ ಸೇರುವ ಸಾಧನಕ್ಕೆ ಬೇಕಾದ ವಿವರ ಕೊಡುವ ವ್ಯವಸ್ಥೆ) 66ನೇ ಆಪ್ಷನ್‌ನಿಂದ ಸರ್ವರ್ ವಿಳಾಸ ತಿಳಿದುಕೊಂಡು ಎರಡು ಫೈಲ್ ಇಳಿಸಿಕೊಳ್ಳುತ್ತದೆ. ಒಂದು ಆ ಮಾಡೆಲ್‌ನ ಎಲ್ಲ ಫೋನ್‌ಗಳಿಗೂ ಸೇರಿದ್ದು, ಇನ್ನೊಂದು ಅದರದೇ ಮ್ಯಾಕ್ ಅಡ್ರೆಸ್ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಹೆಸರಿನದು. ದಿನಾ ರಾತ್ರಿ 2 ಗಂಟೆಗೆ ಮತ್ತೆ ಬಂದು ನೋಡುತ್ತದೆ.

ಶನಿವಾರ ಸಂಜೆ ಹೊಸ ಫರ್ಮ್‌ವೇರ್‌ನ (ಫೋನಿನೊಳಗೆ ಇರುವ, ಅದನ್ನು ನಡೆಸುವ ಸಾಫ್ಟ್‌ವೇರ್) ವಿಳಾಸವನ್ನು ಎಲ್ಲಕ್ಕೂ ಸೇರಿದ ಆ ಫೈಲಿಗೇ ಹಾಕಿ ಮನೆಗೆ ಹೋದೆ. ಭಾನುವಾರ ರಜೆ, ಯಾರಿಗೂ ತೊಂದರೆ ಇಲ್ಲ ಅಂದುಕೊಂಡಿದ್ದೆ.

ಸೋಮವಾರ ಬೆಳಗ್ಗೆ 7ಕ್ಕೆ ರಿಸೆಪ್ಷನ್‌ನಲ್ಲಿ ಕೂರುವ ಮೇಡಂ ತಮ್ಮ ಮೊಬೈಲಿಂದ ಕರೆ ಮಾಡಿದರು. "ಸರ್, ಒಂದು ಫೋನೂ ರಿಂಗ್ ಆಗ್ತಿಲ್ಲ. ಪೇಷೆಂಟ್‌ಗಳು ನೇರ ಇಲ್ಲಿಗೇ ಬಂದು ಜಗಳ ಆಡ್ತಿದಾರೆ."

ಆಗಿದ್ದು ಇಷ್ಟು. ಹೊಸ ಫರ್ಮ್‌ವೇರ್ ಸರ್ವರಿನ ಸರ್ಟಿಫಿಕೇಟನ್ನು (ಸರ್ವರ್ ಅಸಲಿ ಅಂತ ತೋರಿಸುವ ಡಿಜಿಟಲ್ ಗುರುತುಪತ್ರ) ತಾನಾಗಿಯೇ ಪರೀಕ್ಷೆ ಮಾಡುತ್ತದೆ. ನಮ್ಮದು ನಾವೇ ಮಾಡಿಕೊಂಡ ಸರ್ಟಿಫಿಕೇಟ್, ಹೊರಗಿನ ನಂಬಿಕಸ್ಥ ಸಂಸ್ಥೆ ಕೊಟ್ಟದ್ದಲ್ಲ. ಫೋನ್ ಅದನ್ನು ನಂಬಲಿಲ್ಲ, ಎಕ್ಸ್‌ಟೆನ್ಶನ್ (ಆ ಫೋನಿನ ಒಳಗಿನ ನಂಬರ್) ರಿಜಿಸ್ಟರ್ ಆಗಲಿಲ್ಲ, ಕರೆಗಳೂ ಬರಲಿಲ್ಲ. ಅದಕ್ಕಿಂತ ಕಷ್ಟದ್ದು ಬೇರೆ ಇತ್ತು. ಸರ್ವರಿನಲ್ಲಿ ಹಳೆಯ ಫರ್ಮ್‌ವೇರ್ ವಾಪಸ್ ಹಾಕಿದೆ, ಆದರೆ ಅದನ್ನು ಇಳಿಸಿಕೊಳ್ಳೋಕೂ ಫೋನ್ ಅದೇ ಸರ್ವರನ್ನು ನಂಬಬೇಕಲ್ವಾ? ಸರಿಮಾಡುವ ದಾರಿಯನ್ನೇ ಅಪ್‌ಡೇಟ್ ಮುಚ್ಚಿಬಿಟ್ಟಿತ್ತು. ನಾನೂ ನನ್ನ ಜೊತೆಯವನೂ ಒಂದೊಂದೇ ಫೋನಿನ ವೆಬ್ ಪುಟಕ್ಕೆ ಹೋಗಿ ಆ ಪರೀಕ್ಷೆ ನಿಲ್ಲಿಸುತ್ತಾ ಬಂದೆವು. ಮುಗಿಯುವಾಗ ಮಧ್ಯಾಹ್ನ 2 ದಾಟಿತ್ತು. ಈ ಬದಲಾವಣೆ ಫರ್ಮ್‌ವೇರ್ ಜೊತೆ ಬಂದ ಟಿಪ್ಪಣಿಯಲ್ಲಿ ಸ್ಪಷ್ಟವಾಗಿಯೇ ಇತ್ತು. ನಾನು ಓದಿರಲಿಲ್ಲ.

ಮೂರು ಫೋನ್ ಹಾಗೆ ಮಾಡಿದರೂ ಸರಿಯಾಗಲಿಲ್ಲ. ಎರಡನೇ ಮಹಡಿಯಲ್ಲಿ ಫೋನ್‌ಗಳಿಗೆ ನೆಟ್‌ವರ್ಕನ್ನೂ ಕರೆಂಟನ್ನೂ ಕೊಡುವ ಸ್ವಿಚ್‌ಗೆ ಯುಪಿಎಸ್ ಇಲ್ಲ, ಅಪ್‌ಡೇಟ್ ನಡೆಯುವಾಗಲೇ ಕರೆಂಟ್ ಹೋಗಿದೆ. ಲೋಗೋ ಬರುತ್ತದೆ, ಆರಿಹೋಗುತ್ತದೆ, ಮತ್ತೆ ಲೋಗೋ.

ಇನ್ನೊಂದು ವಿಷಯವೂ ಅವತ್ತೇ ಕಣ್ಣಿಗೆ ಬಿತ್ತು. ಮ್ಯಾಕ್ ಹೆಸರಿನ ಆ ಫೈಲುಗಳು ಹೊರಗಿನ ಇಂಟರ್ನೆಟ್‌ನಿಂದಲೂ ತೆರೆಯುತ್ತಿದ್ದವು, ಒಳಗೆ ಎಕ್ಸ್‌ಟೆನ್ಶನ್ ಪಾಸ್‌ವರ್ಡ್ ಹಾಗೇ ಓದುವಂತಿತ್ತು. ಫೈಲಿನ ಹೆಸರು ಊಹಿಸುವುದೂ ಕಷ್ಟವಲ್ಲ: ಮ್ಯಾಕ್ ಅಡ್ರೆಸ್‌ನ ಮೊದಲರ್ಧ ಫೋನ್ ತಯಾರಿಸಿದ ಕಂಪನಿಯದ್ದು, ಎಲ್ಲರಿಗೂ ಗೊತ್ತಿರುತ್ತದೆ. ಉಳಿದರ್ಧಕ್ಕೆ ಸುಮಾರು 1.67 ಕೋಟಿ ಸಾಧ್ಯತೆ ಮಾತ್ರ, ಯಂತ್ರಕ್ಕೆ ಅದು ಜಾಸ್ತಿ ಏನಲ್ಲ. ಆ ಪಾಸ್‌ವರ್ಡ್ ಸಿಕ್ಕವರು ನಮ್ಮ ಲೆಕ್ಕದಲ್ಲಿ ವಿದೇಶಕ್ಕೆ ಕರೆ ಮಾಡಬಹುದಿತ್ತು. ಅವತ್ತೇ ಹೊರಗಿನ ದಾರಿ ಮುಚ್ಚಿ, 64 ಪಾಸ್‌ವರ್ಡ್‌ಗಳನ್ನೂ ಬದಲಾಯಿಸಿದೆ.

ಈಗ ನನ್ನ ಮೇಜಿನ ಮೇಲೆ ಎರಡು ಫೋನ್ ಇವೆ, ಹಳೆ ಮಾಡೆಲ್ ಒಂದು, ಹೊಸದು ಒಂದು. ಯಾವ ಫರ್ಮ್‌ವೇರ್ ಬಂದರೂ ಮೊದಲು ಇವಕ್ಕೆ, ಇವುಗಳ ಮ್ಯಾಕ್ ಹೆಸರಿನ ಫೈಲಿನಲ್ಲೇ. ಒಂದು ವಾರ ಓಡಿಸಿ, ಹಳೆಯದಕ್ಕೆ ವಾಪಸ್ ಹೋಗಲು ಆಗುತ್ತದಾ ಅಂತ ನೋಡಿದ ಮೇಲೆಯೇ ಮುಂದಿನ ಐದು ಫೋನ್. ರಿಸೆಪ್ಷನ್‌ನದು ಎಲ್ಲಕ್ಕಿಂತ ಕೊನೆಗೆ.