ಬುಡಾಪೆಸ್ಟ್‌ನಲ್ಲಿ ಐವರು, ಒಂದೇ ದಿನ: ಗುಂಪು ಟಿಕೆಟ್ಟೋ, ಹಾಪ್ ಆನ್ ಬಸ್ಸೋ, ಸಿಟಿ ಕಾರ್ಡೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಗರ ಸಾರಿಗೆಯ 24 ಗಂಟೆಯ ಗುಂಪು ಟಿಕೆಟ್ಟಿಗೆ. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ಓಡಾಡಬಹುದು. 2024ರಲ್ಲಿ ಅದಕ್ಕೆ 5,000 ಫೋರಿಂಟ್ (ಹಂಗೆರಿಯ ಹಣ) ಇತ್ತು, ಒಬ್ಬರ ದಿನದ ಪಾಸಿಗೆ 2,500. ಇಬ್ಬರೇ ಇದ್ದರೆ ಲೆಕ್ಕ ಸಮ. ಮೂರನೆಯವರಿಂದ ಮುಂದಕ್ಕೆ ಬರುವವರೆಲ್ಲ ಪುಕ್ಕಟೆ. ನಾಲ್ಕು ಮೆಟ್ರೋ ಲೈನು, ಟ್ರಾಮು, ಬಸ್ಸು, ಟ್ರಾಲಿ ಬಸ್ಸು ಎಲ್ಲಕ್ಕೂ ನಡೆಯುತ್ತದೆ. ಕೋಟೆಗುಡ್ಡ ಹತ್ತುವ ಹಗ್ಗದ ರೈಲು ಫ್ಯುನಿಕ್ಯುಲರ್‌ಗೆ ನಡೆಯುವುದಿಲ್ಲ.

ದಾರಿಯಲ್ಲಿ ಇಳಿದು ಮತ್ತೆ ಹತ್ತಬಹುದಾದ, ಪ್ರವಾಸಿಗರ ಹಾಪ್ ಆನ್ ಬಸ್ಸಿನಲ್ಲಿ ಒಬ್ಬರ ಟಿಕೆಟ್ಟೇ ಈ ಇಡೀ ಗುಂಪಿನ ಟಿಕೆಟ್ಟಿಗಿಂತ ದುಬಾರಿ. ಹಣ ಹೋಗಲಿ, ಸಮಯವೂ ಹೋಗುತ್ತದೆ. ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಅದು ಬಂದಾಗ ಮೇಲ್ಮಹಡಿಯಲ್ಲಿ ಐದು ಸೀಟು ಒಟ್ಟಿಗೆ ಸಿಗುವುದಿಲ್ಲ, ಸಿಕ್ಕರೂ ಸಂಜೆಯ ಟ್ರಾಫಿಕ್‌ನಲ್ಲಿ ಎಲ್ಲರ ಜೊತೆ ನಿಂತಿರುತ್ತದೆ. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಮಾತ್ರ ನಾನು ಅದನ್ನೇ ಹೇಳುತ್ತೇನೆ: ಮೆಟ್ಟಿಲಿಲ್ಲ, ದಾರಿ ಹುಡುಕುವ ತಲೆನೋವಿಲ್ಲ, ಕಿವಿಗೆ ವಿವರಣೆ ಬೇರೆ.

ಸಿಟಿ ಕಾರ್ಡ್, ಅಂದರೆ ಸಾರಿಗೆಯೂ ಹಲವು ಮ್ಯೂಸಿಯಂ ಪ್ರವೇಶವೂ ಸೇರಿದ ಬುಡಾಪೆಸ್ಟ್ ಕಾರ್ಡ್, ಮ್ಯೂಸಿಯಂ ಹುಚ್ಚಿನವರಿಗೆ. ಅದು ತಲೆಗೊಂದು, ಗುಂಪಿಗಲ್ಲ. ಸಂಸತ್ ಭವನದ ಒಳಗಿನ ಪ್ರವೇಶ ಅದರಲ್ಲಿಲ್ಲ. ಬಿಸಿನೀರಿನ ಸೇಚೇನಿ ಸ್ನಾನಗೃಹಕ್ಕೂ ಸಿಗುವುದು ರಿಯಾಯಿತಿ ಮಾತ್ರ. ಸೋಮವಾರವಾದರೆ ಕೋಟೆಯ ರಾಷ್ಟ್ರೀಯ ಗ್ಯಾಲರಿಗೂ ಬೀಗ. ಒಂದೇ ದಿನದಲ್ಲಿ ಮೂರು ಮ್ಯೂಸಿಯಂ ನೋಡುವ ತಾಳ್ಮೆ ಐವರಿಗೂ ಇರುವುದನ್ನು ನಾನಂತೂ ಕಂಡಿಲ್ಲ.

ಟ್ಯಾಕ್ಸಿಯಲ್ಲಿ ನಾಲ್ವರು. ಐದನೆಯವರಿಗೆ ಇನ್ನೊಂದು ಕಾರು.

ಇನ್ನು ನನ್ನ ಮೆಚ್ಚಿನ ಟಿಕೆಟ್ಟಿನ ಕೊಕ್ಕೆ. ಹೆಸರೇ ಹೇಳುವಂತೆ ಅದು ಗುಂಪಿನದು. ಐವರೂ ಸದಾ ಒಟ್ಟಿಗೇ ಇರಬೇಕು. ಟಿಕೆಟ್ ಒಬ್ಬರ ಜೇಬಿನಲ್ಲಿ, ಉಳಿದ ನಾಲ್ವರು ಆ ಜೇಬಿನ ಹಿಂದೆ. ನಮ್ಮ ಮೆಟ್ರೋದ ಹಾಗೆ ಅಲ್ಲಿ ತೆರೆದು ಮುಚ್ಚುವ ಗೇಟಿಲ್ಲ. ಬದಲಿಗೆ ಎಸ್ಕಲೇಟರ್ ಬಾಯಲ್ಲಿ ತೋಳುಪಟ್ಟಿ ಕಟ್ಟಿದ ತಪಾಸಣೆಯವರು ನಿಂತಿರುತ್ತಾರೆ, ಕೆಲವೊಮ್ಮೆ ಹೊರಗೆ ಬರುವ ಕಡೆಯೂ. ಹಿಂದೆ ಉಳಿದು ಫೋಟೊ ತೆಗೆಯುತ್ತಿದ್ದವರು ಒಂಟಿಯಾಗಿ ಕೈಗೆ ಸಿಕ್ಕರೆ ತಪಾಸಣೆಯವರ ಲೆಕ್ಕದಲ್ಲಿ ಅದು ಟಿಕೆಟ್ ಇಲ್ಲದ ಪ್ರಯಾಣ. ಸ್ಥಳದಲ್ಲೇ ಕಟ್ಟಿದರೆ ದಂಡ ಕಡಿಮೆ, ಆಮೇಲೆ ಕಟ್ಟಿದರೆ ಹೆಚ್ಚು. "ಟಿಕೆಟ್ ಮುಂದೆ ಹೋಯಿತು" ಅನ್ನುವ ಸಬೂಬನ್ನು ಅವರು ದಿನಕ್ಕೆ ನೂರು ಸಲ ಕೇಳಿರುತ್ತಾರೆ.

ಇದಕ್ಕೆ ಹೊರಡುವ ಮೊದಲೇ ಎರಡು ನಿಯಮ ಮಾಡಿಕೊಳ್ಳಿ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಟಿಕೆಟ್ ಹಿಡಿದವರು ತಪಾಸಣೆಯವರ ಎದುರು ನಿಂತು, ತಲೆ ಎಣಿಸಿ, ಐದೂ ದಾಟಿದ ಮೇಲೆ ಕದಲಬೇಕು. ಬಾಗಿಲು ಮುಚ್ಚಿ ಯಾರಾದರೂ ಪ್ಲಾಟ್‌ಫಾರಂನಲ್ಲೇ ಉಳಿದರೆ, ಹೊರಟವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ಕಾಯಬೇಕು, ಮೇಲೆ ಹತ್ತಬಾರದು. ಉಳಿದವರು ಮುಂದಿನ ರೈಲು ಹಿಡಿದು ಅಲ್ಲಿ ಇಳಿಯಬೇಕು. ಟಿಕೆಟ್ ಕಾಗದದ್ದು, ಸ್ನಾನಗೃಹದಿಂದ ಬರುವಾಗ ಒದ್ದೆ ಟವೆಲಿನ ಜೊತೆ ಸುತ್ತಿಡಬೇಡಿ.

ಮಧ್ಯಾಹ್ನ ಇಬ್ಬರಿಗೆ ಬೇರೆ ಕಡೆ ಹೋಗುವ ಮನಸ್ಸಾದರೆ ಅವರಿಗೆ ಒಂದು ಸಲದ ಪ್ರಯಾಣದ ಬಿಡಿ ಟಿಕೆಟ್ ಕೊಳ್ಳಿ. ಬಿಡಿ ಟಿಕೆಟ್ಟಿಗೆ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು, ಮರೆತರೆ ಅದೂ ದಂಡವೇ. ಮೆಟ್ರೋದಿಂದ ಮೆಟ್ರೋಗೆ ಬದಲಿಸಲು ಅದೇ ಟಿಕೆಟ್ ಸಾಕು, ಟ್ರಾಮಿಗೆ ಹತ್ತಿದರೆ ಹೊಸದು ಬೇಕು. ಗುಂಪಿನ ಟಿಕೆಟ್ಟಿಗೆ ಈ ಮುದ್ರೆಯ ರಗಳೆ ಇಲ್ಲ, ಅದರ ಅವಧಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಆರು ಜನರಿದ್ದರೆ 2024ರ ದರದಲ್ಲಿ ಒಂದು ಗುಂಪು ಟಿಕೆಟ್, ಒಬ್ಬರ ದಿನದ ಪಾಸು ಸೇರಿ 7,500 ಆಗುತ್ತಿತ್ತು. ನಾನಾದರೆ ಇನ್ನೂ 2,500 ಹಾಕಿ ಎರಡು ಗುಂಪು ಟಿಕೆಟ್ ಕೊಂಡು, ಮೂವರು ಮೂವರಾಗಿ ಬೇರೆಯಾಗುವ ಸ್ವಾತಂತ್ರ್ಯ ಇಟ್ಟುಕೊಳ್ಳುತ್ತೇನೆ. ಕೊಳ್ಳುವುದು ನೇರಳೆ ಬಣ್ಣದ ಮೆಷಿನ್ನಿನಲ್ಲಿ, ಇಂಗ್ಲಿಷ್ ಇದೆ, ಕಾರ್ಡ್ ನಡೆಯುತ್ತದೆ. ಊರಲ್ಲಿ ಎಲ್ಲೇ ಕಾರ್ಡ್ ಉಜ್ಜಿದರೂ ಯೂರೋದಲ್ಲೋ ಫೋರಿಂಟ್‌ನಲ್ಲೋ ಎಂದು ಕೇಳಿದರೆ ಫೋರಿಂಟ್ ಅನ್ನಿ.

ಗುಂಪು ಚದುರುವ ಇನ್ನೊಂದು ಜಾಗ ಎಂ1, ಹಳದಿ ಲೈನು. 1896ರಲ್ಲಿ ಶುರುವಾದದ್ದು, ರಸ್ತೆಯ ಸ್ವಲ್ಪವೇ ಕೆಳಗೆ ಓಡುತ್ತದೆ. ಆಂದ್ರಾಶಿ ರಸ್ತೆಯಲ್ಲಿ ಎರಡು ದಿಕ್ಕಿನ ರೈಲಿಗೆ ಎರಡು ಬದಿಯಲ್ಲಿ ಬೇರೆ ಬೇರೆ ಮೆಟ್ಟಿಲು. ಕೆಳಗಿಳಿದ ಮೇಲೆ ಆ ಕಡೆಗೆ ದಾಟಲು ದಾರಿಯಿಲ್ಲ. ತಪ್ಪು ಬದಿಯಲ್ಲಿ ಇಳಿದವರು ಮತ್ತೆ ಹತ್ತಿ, ಸಿಗ್ನಲ್ ಕಾದು, ರಸ್ತೆ ದಾಟಿ ಇಳಿಯಬೇಕು. ಮೆಟ್ಟಿಲ ತಲೆಯಲ್ಲಿರುವ ಫಲಕ ಓದಿ: ಹೀರೋಸ್ ಸ್ಕ್ವೇರ್, ಸೇಚೇನಿಗೆ ಹೋಗಲು 'ಮೆಕ್ಸಿಕೊಯಿ ಊತ್ ಫೆಲೇ', ಡ್ಯಾನ್ಯೂಬ್ ನದಿಯ ಕಡೆಗೆ ವಾಪಸಾಗಲು 'ವೊರೊಶ್‌ಮಾರ್ತಿ ತೇರ್ ಫೆಲೇ'. ಫೆಲೇ ಅಂದರೆ ಕಡೆಗೆ.

ದಿನದ ಓಟ ಹೀಗಿಟ್ಟುಕೊಂಡರೆ ಟಿಕೆಟ್ ಪೂರ್ತಿ ದುಡಿಯುತ್ತದೆ. ಬೆಳಿಗ್ಗೆ ಎಂ1ರಲ್ಲಿ ಸೇಚೇನಿಗೆ. ಚಪ್ಪಲಿ, ಟವೆಲು ನಿಮ್ಮದೇ ಇರಲಿ, ಈಜುವ ಕೊಳಕ್ಕೆ ಇಳಿಯುವವರಿಗೆ ಟೋಪಿ ಕಡ್ಡಾಯ. ಮಧ್ಯಾಹ್ನ ಎಂ1ರಲ್ಲೇ ವಾಪಸ್ ದೇಆಕ್ ಚೌಕಕ್ಕೆ ಬಂದು, ಅಲ್ಲಿಂದ 16ನೇ ನಂಬರ್ ಬಸ್ಸು. ಅದು ಚೈನ್ ಬ್ರಿಜ್ ದಾಟಿ ಕೋಟೆಯ ಮೇಲಕ್ಕೇ ಒಯ್ಯುತ್ತದೆ, ಹಾಗಾಗಿ ಫ್ಯುನಿಕ್ಯುಲರ್ ಸಾಲಿನಲ್ಲಿ ನಿಲ್ಲುವ ಕೆಲಸವಿಲ್ಲ. ಕೋಟೆಯಿಂದ ನಡೆದು ಬತ್ಯಾನಿ ಚೌಕಕ್ಕೆ ಇಳಿಯಿರಿ. ಸಂಸತ್ ಭವನ ಇಡಿಯಾಗಿ ಕಾಣುವುದು ಈ ದಡದಿಂದ, ಅದರ ಬುಡದಿಂದಲ್ಲ. ಅಲ್ಲಿಂದ ಎಂ2 ನದಿಯ ಅಡಿಯಲ್ಲಿ ದಾಟಿದರೆ ಮುಂದಿನ ಸ್ಟೇಷನ್ನೇ ಸಂಸತ್ ಭವನದ ಕೊಶುತ್ ಚೌಕ.

ಕತ್ತಲಾದ ಮೇಲೆ 2ನೇ ನಂಬರ್ ಟ್ರಾಮು. ಐದು ಸೀಟು ಬೇಕಾದರೆ ಶುರುವಿನ ನಿಲ್ದಾಣ ಯಾಸೈ ಮಾರಿ ಚೌಕದಲ್ಲೇ ಹತ್ತಿ, ಬಲಬದಿಯಲ್ಲಿ ಕೂರಿ. ನದಿ, ದೀಪ ಹಚ್ಚಿದ ಕೋಟೆ, ಸೇತುವೆಗಳು ಎಲ್ಲ ಆ ಕಡೆಗೇ. ಫೋವಾಮ್ ಚೌಕದವರೆಗಿನ ಈ ಸವಾರಿಯ ಮುಂದೆ ಹಾಪ್ ಆನ್ ಬಸ್ಸಿನ ಮೇಲ್ಮಹಡಿ ನನಗೆ ಸಪ್ಪೆ. ಡ್ಯಾನ್ಯೂಬ್ ಉಕ್ಕಿದಾಗ ಮಾತ್ರ ದಡದ ಈ ಮಾರ್ಗ ಮೊಟಕಾಗುತ್ತದೆ.

ಟಿಕೆಟ್ ಕೊಳ್ಳುವ ಹೊತ್ತನ್ನೂ ಲೆಕ್ಕ ಹಾಕಿ. ಬೆಳಿಗ್ಗೆ 10ಕ್ಕೆ ಕೊಂಡರೆ ಮರುದಿನ 10ರವರೆಗೆ ನಡೆಯುವುದರಿಂದ, ಬೆಳಗಿನ ವಿಮಾನಕ್ಕೆ ಎಂ3 ಹಿಡಿದು ಕೊಬಾನ್ಯಾ ಕಿಶ್ಪೆಷ್ಟ್‌ಗೆ, ಅಲ್ಲಿಂದ 200ಇ ಬಸ್ಸಿನಲ್ಲಿ ಏರ್‌ಪೋರ್ಟಿಗೆ ಅದೇ ಟಿಕೆಟ್ಟಿನಲ್ಲಿ ಹೋಗಬಹುದು. ದೇಆಕ್ ಚೌಕದಿಂದ ನೇರ ಹೋಗುವ 100ಇ ಬಸ್ಸಿಗೆ ಇದು ನಡೆಯದು, ಅದರ ಟಿಕೆಟ್ಟೇ ಬೇರೆ. ಐವರದೂ ಒಂದೇ ವಿಮಾನ ತಾನೇ, ಅದೊಂದು ನೋಡಿಕೊಳ್ಳಿ.