ಫೈರ್‌ಫಾಕ್ಸ್, ಬ್ರೇವ್, ಕ್ರೋಮ್: ಮೂರನ್ನೂ ಬಳಸಿ ನೋಡಿದ ಮೇಲೆ

ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಈಗ ಉಳಿದಿರುವ ಬ್ರೌಸರ್ ಫೈರ್‌ಫಾಕ್ಸ್, ಅದರೊಳಗೆ ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ಬ್ರೇವ್, ಕ್ರೋಮ್ ಎರಡನ್ನೂ ತಿಂಗಳುಗಟ್ಟಲೆ ಬಳಸಿದ ಮೇಲೇ ಇದನ್ನು ಇಟ್ಟುಕೊಂಡೆ.

ನಾವು ಓದಿದ್ದನ್ನು ಹಿಂಬಾಲಿಸಿ ಬರುವ ಜಾಹೀರಾತನ್ನು ತಡೆಯುವ ಈ ಹುಡುಕಾಟ ಶುರುವಾದದ್ದು ಅಪ್ಪನ ಕಾಯಿಲೆಯಿಂದ. ಒಂದು ರಾತ್ರಿ ಅದರ ಬಗ್ಗೆ ಫೋನಿನಲ್ಲಿ ಓದಿದ್ದೆ. ಅಮ್ಮನಿಗೆ ಇನ್ನೂ ಹೇಳಿರಲಿಲ್ಲ. ಮರುದಿನ ಅಮ್ಮ ನನ್ನ ಫೋನ್ ತಗೊಂಡು ಸುದ್ದಿ ಓದುತ್ತಿದ್ದರು. ಯಾವ ಪುಟ ತೆರೆದರೂ ಆ ಕಾಯಿಲೆಯ ಚಿಕಿತ್ಸೆಯದ್ದೇ ಜಾಹೀರಾತು. "ಇದ್ಯಾಕೆ ಮತ್ತೆ ಮತ್ತೆ ಬರ್ತಿದೆ?" ಅಂತ ಕೇಳಿದರು. ಪಕ್ಕದಲ್ಲಿ ಕೂತು ನಾನು ನಿಧಾನವಾಗಿ ಹೇಳಬೇಕಿದ್ದ ವಿಷಯ ಅದು. ಇವತ್ತಿಗೂ ಸಂಕಟವಾಗುತ್ತದೆ.

ಕ್ರೋಮ್‌ನಲ್ಲಿ ಥರ್ಡ್ ಪಾರ್ಟಿ ಕುಕೀಗಳನ್ನು, ಅಂದರೆ ನಾವು ನೋಡುತ್ತಿರುವ ತಾಣದವರಲ್ಲದೆ ಬೇರೆಯವರು ನಮ್ಮ ಗುರುತು ಹಿಡಿಯಲು ಫೋನಿನಲ್ಲಿ ಇಡುವ ಪುಟ್ಟ ಕಡತಗಳನ್ನು, ನಾವೇ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ತಡೆಯಬೇಕು. ಅವನ್ನು ತೆಗೆದೇಬಿಡುತ್ತೇವೆ ಅಂತ ಗೂಗಲ್ 2020ರಲ್ಲಿ ಹೇಳಿತ್ತು, 2024ರಲ್ಲಿ ಆ ಯೋಚನೆ ಕೈಬಿಟ್ಟಿತು. ಕುಕೀ ತಡೆದರೂ ಟ್ರ್ಯಾಕರ್ ಸ್ಕ್ರಿಪ್ಟ್‌ಗಳು, ಅಂದರೆ ನಾವು ಏನು ನೋಡುತ್ತೇವೆ ಅಂತ ಗಮನಿಸುವ ಪುಟದೊಳಗಿನ ಕೋಡ್, ಬರುತ್ತಲೇ ಇರುತ್ತವೆ. ಫೋನಿನ ಕ್ರೋಮ್‌ಗೆ ಎಕ್ಸ್‌ಟೆನ್ಷನ್ ಹಾಕಲು ಆಗಲ್ಲ. ಇನ್ನು 'ಡು ನಾಟ್ ಟ್ರ್ಯಾಕ್' ಸ್ವಿಚ್ ಬರೀ ಕೋರಿಕೆ, ತಾಣದವರು ಪಾಲಿಸಲೇಬೇಕು ಅಂತಿಲ್ಲ.

ಬ್ರೇವ್ ಚೆನ್ನಾಗಿದೆ. ಹಾಕಿದ ಕ್ಷಣದಿಂದಲೇ ಜಾಹೀರಾತು, ಟ್ರ್ಯಾಕರ್ ತಡೆಯುವ ಅದರ ಶೀಲ್ಡ್ಸ್ ಕೆಲಸ ಶುರು ಮಾಡುತ್ತದೆ.

ಫೈರ್‌ಫಾಕ್ಸ್‌ನಲ್ಲಿ ಒಂದೊಂದು ತಾಣದ ಕುಕೀಗೂ ಬೇರೆ ಬೇರೆ ಡಬ್ಬಿ. ಒಂದರಲ್ಲಿ ಇಟ್ಟದ್ದು ಇನ್ನೊಂದಕ್ಕೆ ಕಾಣಲ್ಲ. ರಕ್ಷಣೆಯ ಮಟ್ಟವನ್ನು ನಾನು 'ಸ್ಟ್ರಿಕ್ಟ್' (ಬಿಗಿ) ಅಂತ ಇಟ್ಟುಕೊಂಡೆ. ಯೂಬ್ಲಾಕ್‌ಗೆ ಏನೇನು ತಡೆಯಬೇಕು ಅಂತ ಹೇಳುವ ಒಂದೆರಡು ಫಿಲ್ಟರ್ ಪಟ್ಟಿಗಳನ್ನೂ ಜಾಸ್ತಿ ಸೇರಿಸಿದೆ.

ಸಿಕ್ಕಿಕೊಂಡದ್ದು ಇಲ್ಲೇ. ಅಪ್ಪನ ರಕ್ತಪರೀಕ್ಷೆಯ ವರದಿಯನ್ನು ಲ್ಯಾಬ್‌ನ ತಾಣದಿಂದ ತೆಗೆಯಬೇಕಿತ್ತು. ನಂಬರ್ ಹಾಕಿ ಒಟಿಪಿ ಬಟನ್ ಒತ್ತಿದರೆ ಏನೂ ಆಗಲಿಲ್ಲ. ವಿಳಾಸದ ಎಡಗಡೆ ಇರುವ ಗುರುತು ಒತ್ತಿ, ಆ ತಾಣಕ್ಕೆ ಮಾತ್ರ ಟ್ರ್ಯಾಕಿಂಗ್ ರಕ್ಷಣೆ ಆಫ್ ಮಾಡಿದೆ. ಪುಟ ಮತ್ತೆ ಬಂತು, ಬಟನ್ ಹಾಗೇ ಸುಮ್ಮನೆ ಕೂತಿತ್ತು. ಫೋನ್ ಆಫ್ ಮಾಡಿ ಆನ್ ಮಾಡಿದೆ, ನೆಟ್ ಬದಲಿಸಿದೆ. ಡಾಕ್ಟರ್ ಹತ್ತಿರ ಹೋಗುವ ಹೊತ್ತಾಗುತ್ತಿತ್ತು.

ಆಮೇಲೆ ಹೊಳೆಯಿತು: ಫೈರ್‌ಫಾಕ್ಸ್‌ನ ರಕ್ಷಣೆ ಬೇರೆ, ಯೂಬ್ಲಾಕ್ ಬೇರೆ. ಒಂದನ್ನು ಆರಿಸಿದರೆ ಇನ್ನೊಂದು ಆರುವುದಿಲ್ಲ. ಆ ತಾಣದವರು ಒಟಿಪಿ ಬಟನ್ನನ್ನು ಯಾವುದೋ ಟ್ರ್ಯಾಕರ್ ಸ್ಕ್ರಿಪ್ಟಿಗೆ ಗಂಟು ಹಾಕಿದ್ದರು, ನಾನು ಸೇರಿಸಿದ ಪಟ್ಟಿ ಅದನ್ನು ತಡೆದಿತ್ತು. ಮೆನು, ಎಕ್ಸ್‌ಟೆನ್ಷನ್ಸ್, ಯೂಬ್ಲಾಕ್, ಅಲ್ಲಿನ ದೊಡ್ಡ ಪವರ್ ಬಟನ್, ಪುಟ ರಿಫ್ರೆಶ್. ಒಟಿಪಿ ಬಂತು. ಬ್ರೇವ್‌ನಲ್ಲಾದರೆ ಇಷ್ಟಕ್ಕೂ ಒಂದೇ ಸ್ವಿಚ್ ಸಾಕಿತ್ತು.

ಆದರೂ ನನಗೆ ಫೈರ್‌ಫಾಕ್ಸೇ ಬೇಕು. ಏನನ್ನು ತಡೆಯಬೇಕು ಅಂತ ನಾನೇ ತೀರ್ಮಾನಿಸಬಹುದು. ಮೆನುವಿನಲ್ಲಿ 'ಕ್ವಿಟ್' ಒತ್ತಿ ಮುಚ್ಚಿದ ಕೂಡಲೇ ಹಿಸ್ಟರಿ ಅಳಿಸುವ ಹಾಗೆ ಇಟ್ಟಿದ್ದೇನೆ. ನನ್ನದು ಚಿಕ್ಕ ಡೇಟಾ ಪ್ಯಾಕ್, ಜಾಹೀರಾತು ಇಳಿಯದಿದ್ದರೆ ಅದೂ ಉಳಿಯುತ್ತದೆ. ಐಫೋನ್ ಇರುವವರಿಗೆ ಈ ಮಾತು ಹೊಂದಲ್ಲ, ಅಲ್ಲಿನ ಫೈರ್‌ಫಾಕ್ಸ್‌ಗೆ ಯೂಬ್ಲಾಕ್ ಸಿಗುವುದಿಲ್ಲ.

ಅಮ್ಮನ ಫೋನಿಗೆ ಮಾತ್ರ ಬ್ರೇವ್ ಹಾಕಿಕೊಟ್ಟೆ. "ಪುಟ ಸರಿಯಾಗಿ ಬರದಿದ್ದರೆ ಈ ಸಿಂಹದ ಚಿತ್ರ ಒತ್ತಮ್ಮ, ಆ ಸ್ವಿಚ್ ಆಫ್ ಮಾಡು" ಅಂತ ಒಂದು ಸಲ ತೋರಿಸಿದೆ. ಅಷ್ಟಕ್ಕೇ ಕಲಿತರು.