ಶಕ್ತಿ ಸಿಕ್ಕ ಹುಡುಗರು: ಮಕ್ಕಳ ಜೊತೆ ಯಾವ ಸಿನಿಮಾ ನೋಡೋದು?

ದಸರಾ ರಜೆಗೆ ಅಕ್ಕನ ಮಗ ತುಮಕೂರಿಗೆ ಬಂದಿದ್ದ. ಒಂಬತ್ತನೇ ಕ್ಲಾಸು. ಅವನ ಜೊತೆ ಎರಡು ಸಿನಿಮಾ ನೋಡಿದೆ: 2002ರ 'ಸ್ಪೈಡರ್ ಮ್ಯಾನ್', 2012ರ 'ಕ್ರಾನಿಕಲ್'. ಎರಡರಲ್ಲೂ ಹೈಸ್ಕೂಲ್ ಹುಡುಗರಿಗೆ ಇದ್ದಕ್ಕಿದ್ದಂತೆ ಅತಿಮಾನುಷ ಶಕ್ತಿ ಬರುತ್ತದೆ.

ಸ್ಪೈಡರ್ ಮ್ಯಾನ್‌ನಲ್ಲಿ ನಾಯಕ ಪೀಟರ್ ಎಡವುವುದು ಒಂದೇ ಕ್ಷಣ. ತಾನು ಗೆದ್ದ ಕುಸ್ತಿಯ ದುಡ್ಡು ಸರಿಯಾಗಿ ಕೊಡದವನನ್ನು ಕಳ್ಳ ದೋಚಿ ಓಡುವಾಗ, ಪೀಟರ್ ಸುಮ್ನೆ ದಾರಿ ಬಿಡುತ್ತಾನೆ. ಆಮೇಲೆ ಅದೇ ಕಳ್ಳನಿಂದ ಚಿಕ್ಕಪ್ಪನನ್ನೇ ಕಳೆದುಕೊಳ್ಳುತ್ತಾನೆ. ಪಾಠ ನೇರವಾಗಿದೆ, ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ.

ಕ್ರಾನಿಕಲ್ ಹಾಗಲ್ಲ. ಸಿಯಾಟಲ್‌ನ ಮೂವರು ಹುಡುಗರು ಮೊದಲು ತಮಾಷೆಗೆ ಶುರು ಮಾಡುತ್ತಾರೆ. ಪಾರ್ಕಿಂಗ್‌ನಲ್ಲಿ ನಿಂತ ಕಾರನ್ನೇ ಮುಟ್ಟದೆ, ಬರೀ ಮನಸ್ಸಿನ ಶಕ್ತಿಯಿಂದ ಬೇರೆ ಕಡೆ ಸರಿಸಿಬಿಡುತ್ತಾರೆ. ನಾವಿಬ್ಬರೂ ನಕ್ಕೆವು. ಆಮೇಲೆ ಅವರು ಕಾರಿನಲ್ಲಿ ಹೋಗುವಾಗ ಹಿಂದಿನ ಗಾಡಿಯವನೊಬ್ಬ ಹಾರ್ನ್ ಹೊಡೆಯುತ್ತಾನೆ. ಮೂವರಲ್ಲಿ ಒಬ್ಬನಾದ ಆಂಡ್ರ್ಯೂ ಕೈ ಬೀಸುತ್ತಾನೆ, ಆ ಗಾಡಿ ರಸ್ತೆ ಬಿಟ್ಟು ನೀರಿಗೆ ಬೀಳುತ್ತದೆ. ನನ್ನ ಎದೆ ಝಲ್ಲೆಂದಿತು. ಬಿ.ಎಚ್. ರಸ್ತೆಯಲ್ಲಿ ಸಂಜೆ ಹೊತ್ತು ನನಗೂ ಅಂಥ ಸಿಟ್ಟು ಬಂದಿದೆ. ಕೈಯಲ್ಲಿ ಶಕ್ತಿ ಇರಲಿಲ್ಲ, ಅಷ್ಟೇ ಅಲ್ವಾ? ಆಂಡ್ರ್ಯೂ ಮನೆಯಲ್ಲಿ ಅಪ್ಪನ ಹೊಡೆತ, ಅಮ್ಮನ ಕಾಯಿಲೆ. ಅವನನ್ನು ದ್ವೇಷಿಸಲು ಆಗುವುದಿಲ್ಲ.

ಹತ್ತು ಹನ್ನೆರಡು ವರ್ಷದವರಿಗೆ ಸ್ಪೈಡರ್ ಮ್ಯಾನ್ ಸಾಕು. ಹದಿನಾಲ್ಕು ದಾಟಿದವರಿಗೆ ನನ್ನ ಆಯ್ಕೆ ಕ್ರಾನಿಕಲ್. ಒಂದೂವರೆ ಗಂಟೆಯೂ ಇಲ್ಲ. ಆದರೆ ಹಿಂಸೆ ಜಾಸ್ತಿ, ಪಕ್ಕದಲ್ಲೇ ಕೂತು ನೋಡಿ.

ಮಾರನೇ ದಿನ ಅಮಾನಿಕೆರೆ ಹತ್ತಿರ ನಡೆಯುವಾಗ ಹುಡುಗ ಕೇಳಿದ: "ಅವರಪ್ಪ ಹೊಡೀದೇ ಇದ್ದಿದ್ರೆ ಅವನು ಹಾಗಾಗ್ತಿದ್ನಾ?" ಕೆರೆ ಒಂದು ಸುತ್ತು ಮುಗಿಯುವವರೆಗೂ ಅದನ್ನೇ ಮಾತಾಡಿದೆವು.